ಅಂಕ ಬೇಡ, ಅರ್ಥ ಹೇಳಿ

ಧರ್ಮಸ್ಥಳದಿಂದ ಉಜಿರೆ, ಅಲ್ಲಿಂದ ಬೆಳ್ತಂಗಡಿ. ಈ ದಾರಿಯ ಯಾವ ಹೋಟೆಲಿನಲ್ಲಿ ಕೂತರೂ ಸಿನಿಮಾದ ಮಾತು ಕಿವಿಗೆ ಬೀಳುತ್ತದೆ. ಊರು ಕ್ಷೇತ್ರದ ಊರಾದ್ದರಿಂದ ಚರ್ಚೆ ಭಕ್ತಿಚಿತ್ರದಿಂದಲೇ ಶುರುವಾಗುವುದು ಹೆಚ್ಚು. 2001ರಲ್ಲಿ ಕೆ. ರಾಘವೇಂದ್ರ ರಾವ್ ಮಾಡಿದ ‘ಶ್ರೀ ಮಂಜುನಾಥ’ ಮೇಲೋ, ರಾಜಕುಮಾರ್ ನಾಯಕನಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ ಮೇಲೋ? ಅಲ್ಲಿಂದ ಮಾತು ‘ಬಂಗಾರದ ಮನುಷ್ಯ’ಕ್ಕೆ ಹಾರುತ್ತದೆ, ‘ನಾಗರಹಾವು’ ಬರುತ್ತದೆ, ಪುಟ್ಟಣ್ಣ ಕಣಗಾಲ್ ದೊಡ್ಡವರೋ ಸಿದ್ದಲಿಂಗಯ್ಯ ದೊಡ್ಡವರೋ ಎಂಬ ಹಳೆಯ ಜಗಳ ಏಳುತ್ತದೆ. ಚಹಾ ಆರುತ್ತದೆ. ಕೊನೆಗೆ ಒಬ್ಬ ತೀರ್ಪು ಕೊಡುತ್ತಾನೆ: ಇದಕ್ಕೆ ಹತ್ತಕ್ಕೆ ಒಂಬತ್ತು, ಅದಕ್ಕೆ ಏಳೂವರೆ. ಇನ್ನೊಬ್ಬ ಅದನ್ನು ಎಂಟು ಮಾಡುತ್ತಾನೆ. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ತಕರಾರು ಇರುವುದು ಇಲ್ಲೇ. ಮಾತು ಶುರುವಾಗಬೇಕಾದ ಜಾಗದಲ್ಲಿ ಅಂಕ ಬಂದು ಮಾತನ್ನು ಕೊಲ್ಲುತ್ತದೆ. ಪತ್ರಿಕೆಗಳು ಐದು ನಕ್ಷತ್ರ ಬಿಡಿಸಿ ಮೂರಕ್ಕೆ ಮಸಿ ಬಳಿಯುವುದನ್ನು ಕಲಿತವು. ಓದುಗರೂ ಹಾಗೆಯೇ ಕಲಿತರು. ಈಗ ಎಲ್ಲರೂ ಪರೀಕ್ಷಕರೇ. ಆದರೆ ಉತ್ತರಪತ್ರಿಕೆ ಓದಿದವರು ಎಷ್ಟು ಮಂದಿ?

ಹೋಲಿಸಬಾರದು ಎಂದು ನಾವು ಹೇಳುತ್ತಿಲ್ಲ. ಹೋಲಿಸದೆ ರುಚಿ ಬೆಳೆಯುವುದಿಲ್ಲ. ನಾವು ಉರ್ದು ಕಲಿತ ಶಾಲೆಯಲ್ಲಿ ಮೀರ್ ಅನೀಸ್ ಮತ್ತು ಮಿರ್ಜಾ ದಬೀರ್ ಎಂಬ ಇಬ್ಬರು ಮರ್ಸಿಯಾ ಕವಿಗಳ ಹೆಸರನ್ನು ಯಾವಾಗಲೂ ಜೋಡಿಯಾಗಿಯೇ ಹೇಳುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಲಖನೌ ನಗರ ಇವರಿಬ್ಬರ ಹೆಸರಿನಲ್ಲಿ ಎರಡು ಪಂಗಡವಾಗಿ ಒಡೆದಿತ್ತು. 1907ರಲ್ಲಿ ಶಿಬ್ಲಿ ನೋಮಾನಿ ‘ಮುವಾಜನಾ-ಎ-ಅನೀಸ್-ಓ-ದಬೀರ್’ ಬರೆದರು. ಮುವಾಜನಾ ಎಂದರೆ ತಕ್ಕಡಿಯಲ್ಲಿಟ್ಟು ತೂಗುವುದು. ಶಿಬ್ಲಿ ಅನೀಸರ ಪಕ್ಷ ಹಿಡಿದರು, ಅದನ್ನು ಮುಚ್ಚಿಡಲಿಲ್ಲ. ಆದರೆ ಅನೀಸರಿಗೆ ಇಷ್ಟು ಅಂಕ, ದಬೀರರಿಗೆ ಅಷ್ಟು ಅಂಕ ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ಪದ್ಯದ ಪಕ್ಕ ಪದ್ಯ ಇಟ್ಟು ಪುಟಗಟ್ಟಲೆ ಕಾರಣ ಕೊಟ್ಟರು. ಕಾರಣ ಕೊಟ್ಟಿದ್ದರಿಂದಲೇ ದಬೀರರ ಕಡೆಯವರು ಉತ್ತರ ಬರೆಯಲು ಸಾಧ್ಯವಾಯಿತು. ಅಂಕಕ್ಕೆ ಯಾರು ಉತ್ತರ ಬರೆದಾರು?

ಅಷ್ಟು ದೂರದ ಲಖನೌ ಯಾಕೆ, ನಮ್ಮ ಕರಾವಳಿಗೇ ಬನ್ನಿ. ಇಲ್ಲಿ ತಾಳಮದ್ದಳೆ ಇದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ತನ್ನ ಪಾತ್ರದ ಪರವಾಗಿ ಅರ್ಥ ಹೇಳುತ್ತಾನೆ. ವಾಲಿಯ ಅರ್ಥ ಹೇಳುವವನು ರಾಮನನ್ನು ಪ್ರಶ್ನಿಸಲೇಬೇಕು, ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಕೇಳಲೇಬೇಕು. ರಾಮನ ಅರ್ಥ ಹೇಳುವವನು ಉತ್ತರ ಕೊಡಲೇಬೇಕು. ಎದುರು ಕೂತವರು ಯಾರ ಮಾತು ಗಟ್ಟಿ, ಯಾರದ್ದು ಜೊಳ್ಳು ಎಂದು ತೂಗುತ್ತಾರೆ. ಸಂಪಾಜೆಯ ಜಬ್ಬಾರ್ ಸಮೋ ಅವರಂಥ ಮುಸ್ಲಿಂ ಅರ್ಥಧಾರಿ ಈ ರಂಗದಲ್ಲಿ ಹೆಸರು ಮಾಡಿದ್ದು ಯಾರ ರಿಯಾಯಿತಿಯಿಂದಲೂ ಅಲ್ಲ, ವಾದದ ಬಲದಿಂದ. ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪ ಬ್ಯಾರಿಯ ಪಾತ್ರವನ್ನು ಇಂದಿಗೂ ನೆನೆಯುವ ಹಿರಿಯರು ಅದಕ್ಕೆ ಎಷ್ಟು ಅಂಕ ಎಂದು ಹೇಳುವುದಿಲ್ಲ. ಮಾತಿನ ಧಾಟಿ ಹೇಗಿತ್ತು, ಎಲ್ಲಿ ನಗಿಸಿದರು, ಎಲ್ಲಿ ಸುಮ್ಮನಾದರು ಎಂದು ಹೇಳುತ್ತಾರೆ. ಇಂಥ ಪರಂಪರೆ ಇರುವ ಊರಿನ ಜನ ಸಿನಿಮಾದ ಮುಂದೆ ಕೂತೊಡನೆ ಅರ್ಥ ಹೇಳುವುದನ್ನು ಬಿಟ್ಟು ಅಂಕ ಹೇಳಲು ಹೊರಟಿದ್ದೇಕೆ?

ಅಂಕದಿಂದ ನಷ್ಟವೇನು ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇವೆ. ಕನ್ನಡದ ಅಚ್ಚುಮೆಚ್ಚಿನ ಹಳೆಯ ಚಿತ್ರಗಳ ಯಾವ ಪಟ್ಟಿಯಲ್ಲೂ 1972ರ ‘ನಾಗರಹಾವು’ ಮೇಲಿನ ಸಾಲಿನಲ್ಲಿ ಇರುತ್ತದೆ. ಇರಬೇಕಾದ್ದೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿಸಿ, ಚಿತ್ರದುರ್ಗದ ಬಂಡೆಗಳನ್ನೇ ಒಂದು ಪಾತ್ರವಾಗಿಸಿ ಪುಟ್ಟಣ್ಣ ಮಾಡಿದ ಚಿತ್ರ ಅದು. ವಿಷ್ಣುವರ್ಧನ್ ಅವರನ್ನು ನಾಯಕನಾಗಿ ಕೊಟ್ಟ ಚಿತ್ರ. ಬ್ರಾಹ್ಮಣ ಹುಡುಗ ರಾಮಾಚಾರಿಗೂ ಕ್ರೈಸ್ತ ಹುಡುಗಿ ಮಾರ್ಗರೆಟ್‌ಗೂ ನಡುವೆ ಹುಟ್ಟಿದ ಪ್ರೀತಿಗೆ ಊರು ಜಾಗ ಕೊಡದೆ ಹೋದದ್ದಕ್ಕೆ ಪ್ರೇಕ್ಷಕ ಅಳುವಂತೆ ಮಾಡಿದ ಚಿತ್ರ. ಅದೇ ಚಿತ್ರದಲ್ಲಿ ಅಂಬರೀಶ್ ಮೊದಲ ಬಾರಿ ತೆರೆಗೆ ಬಂದರು. ಪಾತ್ರದ ಹೆಸರು ಜಲೀಲ. ಬೀದಿಯಲ್ಲಿ ನಿಂತು ಹೆಣ್ಣುಮಕ್ಕಳನ್ನು ಚುಡಾಯಿಸುವ ಪುಂಡ. ಅವನು ಅಲಮೇಲುವನ್ನು ಕರೆಯುವ ‘ಬುಲ್‌ಬುಲ್’ ಎಂಬ ಮಾತು ಎಷ್ಟು ಜನಪ್ರಿಯವಾಯಿತೆಂದರೆ, 2013ರಲ್ಲಿ ಅದೇ ಹೆಸರಿನ ಒಂದು ಕನ್ನಡ ಚಿತ್ರವೇ ಬಂತು.

ಬುಲ್‌ಬುಲ್ ಉರ್ದು ಕಾವ್ಯದ ಹಕ್ಕಿ. ಗುಲಾಬಿಗಾಗಿ ಹಾಡಿ ಹಾಡಿ ಸೊರಗುವ ಪ್ರೇಮಿಯನ್ನು ಗಜಲಿನ ಕವಿಗಳು ಶತಮಾನಗಳ ಕಾಲ ಆ ಹೆಸರಿನಿಂದ ಕರೆದರು. ಕನ್ನಡದ ಲಕ್ಷಾಂತರ ಪ್ರೇಕ್ಷಕರಿಗೆ ಆ ಪದ ಪರಿಚಯವಾದದ್ದು ಪುಂಡನ ಬಾಯಿಂದ. ಆ ಪುಂಡನಿಗೆ ಇದ್ದದ್ದು ಒಂದು ಮುಸ್ಲಿಂ ಹೆಸರು. ನಮ್ಮ ಓಣಿಯ ಹುಡುಗರೂ ಅಂಬರೀಶ್‌ಗೆ ಶಿಳ್ಳೆ ಹೊಡೆದವರೇ. ಆ ನಟನ ಮೋಡಿ ಅಂಥದ್ದು.

ಈಗ ಹೇಳಿ, ಹತ್ತಕ್ಕೆ ಎಷ್ಟು ಕೊಡೋಣ? ಮಾರ್ಗರೆಟ್‌ಗಾಗಿ ಒಂದು ಅಂಕ ಸೇರಿಸಿ ಜಲೀಲನಿಗಾಗಿ ಒಂದು ಅಂಕ ಕಳೆಯೋಣವೇ? ಅಂಕಕ್ಕೆ ಇರುವುದು ಒಂದೇ ನಾಲಗೆ. ಪ್ರೀತಿಯನ್ನೂ ತಕರಾರನ್ನೂ ಅದು ಒಟ್ಟಿಗೆ ಹೇಳಲಾರದು. ನಾವು ‘ನಾಗರಹಾವು’ ಚಿತ್ರವನ್ನು ಪ್ರೀತಿಸುತ್ತೇವೆ. ಜಲೀಲನ ಹೆಸರಿನ ಬಗ್ಗೆ ನಮಗೆ ಒಂದು ಪ್ರಶ್ನೆ ಇದೆ. ಎರಡೂ ನಿಜ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ನಮಗೆ ಹಕ್ಕಿದೆ. ಆ ದೃಶ್ಯವನ್ನು ಕತ್ತರಿಸಿ ಎಂದು ನಾವು ಕೇಳುತ್ತಿಲ್ಲ. ಹೊಸ ತಂತ್ರಜ್ಞಾನದಲ್ಲಿ 2018ರಲ್ಲಿ ಚಿತ್ರ ಮತ್ತೆ ತೆರೆಗೆ ಬಂದದ್ದು ಒಳ್ಳೆಯದೇ ಆಯಿತು. ಪೂರ್ತಿ ನೋಡಿ, ಆಮೇಲೆ ಪೂರ್ತಿ ಮಾತಾಡಿ ಎನ್ನುತ್ತೇವೆ ಅಷ್ಟೆ.

‘ನಿಮಗೆ ಎಲ್ಲದರಲ್ಲೂ ಮುಸ್ಲಿಮನೇ ಕಾಣುವುದೇ?’ ಎಂಬ ಪ್ರಶ್ನೆ ಬರುತ್ತದೆ ಎಂದು ಬಲ್ಲೆವು. ಕಾಣುತ್ತದೆ ಸ್ವಾಮಿ, ಕಣ್ಣು ಇರುವುದರಿಂದ ಕಾಣುತ್ತದೆ. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯನ್ನು ನೋಡುವ ಭೂಮಿಯಿಲ್ಲದ ಒಕ್ಕಲಿಗೆ ಚೋಮನ ಎತ್ತುಗಳು ಕಾಣುತ್ತವೆ, ಜಮೀನುದಾರನಿಗೆ ವಾಸುದೇವ ರಾವ್ ಅವರ ಅಭಿನಯ ಕಾಣುತ್ತದೆ. ‘ನಾಗರಹಾವು’ ನೋಡುವ ಹೆಣ್ಣುಮಗಳಿಗೆ ಅಲಮೇಲುವಿನ ಪಾಡು ನಮಗಿಂತ ಹೆಚ್ಚು ಕಂಡೀತು. ಪ್ರತಿಯೊಬ್ಬನೂ ತಾನು ನಿಂತ ಜಾಗದಿಂದಲೇ ನೋಡುತ್ತಾನೆ. ಅಂಕಪಟ್ಟಿ ಮಾತ್ರ ತಾನು ಎಲ್ಲಿಯೂ ನಿಂತಿಲ್ಲ ಎಂದು ನಟಿಸುತ್ತದೆ. ಆ ನಟನೆಗೆ ಪ್ರಶಸ್ತಿ ಕೊಡಬೇಕು.

ಪಟ್ಟಿಗಳಲ್ಲಿ ಮುಸ್ಲಿಂ ಪಾತ್ರಕ್ಕೆ ಸಿಗುವ ಇನ್ನೊಂದು ಜಾಗವಿದೆ. ಅದು ಸಂತನ ಜಾಗ. ಟಿ.ಎಸ್. ನಾಗಾಭರಣ ಅವರ 1990ರ ‘ಸಂತ ಶಿಶುನಾಳ ಶರೀಫ’ ಒಳ್ಳೆಯ ಚಿತ್ರ, ಅದರ ಹಾಡುಗಳನ್ನು ಮೆಚ್ಚದವರಿಲ್ಲ. ಆದರೆ ಪುಂಡನಿಗೂ ಸಂತನಿಗೂ ನಡುವೆ ನಮ್ಮವರು ಎಷ್ಟೋ ಮಂದಿ ಬದುಕುತ್ತಿದ್ದಾರೆ. ಆಟೋ ಓಡಿಸುವವರು, ಮೀನು ಮಾರುವವರು, ಬೀಡಿ ಕಟ್ಟುವವರು, ಬಾಣಂತನ ಮಾಡಿಸುವವರು. ಅವರ ಕತೆ ಹೇಳಿದ ಚಿತ್ರಗಳು ಕನ್ನಡದಲ್ಲಿ ಇಲ್ಲವೇ? ಇವೆ. ಹೋಟೆಲಿನ ಚರ್ಚೆಗೆ ಬರುವುದಿಲ್ಲ ಅಷ್ಟೆ.

ಗಿರೀಶ್ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸ್’ ನೋಡಿ. ವೈದೇಹಿಯವರ ಕತೆಯನ್ನು ಆಧರಿಸಿ, ಅದನ್ನು ಬಹಳಷ್ಟು ಬದಲಿಸಿ ಕಟ್ಟಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿ ಒಬ್ಬ ಮುಸ್ಲಿಂ ಹೆಂಗಸು. ಅವಳಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಬಂದ ಟಿವಿ ಅವಳ ಗುಡಿಸಲನ್ನೇ ಟಾಕೀಸು ಮಾಡುತ್ತದೆ. ಸುತ್ತಲಿನ ಹೆಂಗಸರು ಅಲ್ಲಿ ಸೇರುತ್ತಾರೆ, ಒಟ್ಟಿಗೆ ನಗುತ್ತಾರೆ, ಅಳುತ್ತಾರೆ. ಆಮೇಲೆ ಕಾರ್ಗಿಲ್ ಯುದ್ಧದ ಕಾಲ ಬರುತ್ತದೆ. ಮೀನಿನ ವ್ಯಾಪಾರದ ಪೈಪೋಟಿಗೆ ಧರ್ಮದ ಬಣ್ಣ ಏರುತ್ತದೆ. ಒಟ್ಟಿಗೆ ಕೂತು ಸಿನಿಮಾ ನೋಡಿದ ಊರೇ ಗುಲಾಬಿಯನ್ನು ಹೊರಗೆ ಕಳಿಸುತ್ತದೆ. ಉಮಾಶ್ರೀಯವರಿಗೆ ಇದೇ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ಪ್ರೇಮಿಗಳ ಬಗ್ಗೆಯೇ ಇರುವ ಈ ಚಿತ್ರ, ನಮ್ಮದೇ ಕರಾವಳಿಯ ಈ ಚಿತ್ರ, ಸಿನಿಮಾ ಪ್ರೇಮಿಗಳ ಎಷ್ಟು ಪಟ್ಟಿಗಳಲ್ಲಿದೆ?

ನಮ್ಮವರನ್ನೂ ಸುಮ್ಮನೆ ಬಿಡುವಂತಿಲ್ಲ. ನಮ್ಮಲ್ಲಿ ಹಲವರ ಅಂಕಪಟ್ಟಿಗೆ ಎರಡೇ ಕಾಲಂ: ನಮ್ಮನ್ನು ಹೊಗಳಿದ್ದು, ನಮ್ಮನ್ನು ತೆಗಳಿದ್ದು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯಿಂದ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ಗಂಡ ಬಿಟ್ಟುಹೋದ ಹೆಂಡತಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕೂತು ನ್ಯಾಯ ಕೇಳುವ ಕತೆ ಅದು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕತೆಯನ್ನೂ ಒಳಗೊಂಡ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲರೂ ಅಭಿನಂದನೆ ಹೇಳಿದರು. ಅಭಿನಂದನೆ ಹೇಳಿದವರಲ್ಲಿ ‘ಹಸೀನಾ’ ನೋಡಿದವರು ಎಷ್ಟು? ಇದು ನಮ್ಮ ಮಾನ ಕಳೆಯುವ ಚಿತ್ರ ಎಂದು ನೋಡದೆಯೇ ಸೊನ್ನೆ ಕೊಡುವವನಿಗೂ, ಮುಸ್ಲಿಮರು ಇರುವುದೇ ಹೀಗೆ ಎಂದು ಚಪ್ಪರಿಸಿ ಹತ್ತು ಕೊಡುವವನಿಗೂ ವ್ಯತ್ಯಾಸವಿಲ್ಲ. ಇಬ್ಬರಿಗೂ ಹಸೀನಾ ಬೇಕಾಗಿಲ್ಲ. ಮಸೀದಿಯ ಮೆಟ್ಟಿಲಿನ ಮುಂದೆ ಕೂತ ಆ ಹೆಂಗಸಿನ ಪ್ರಶ್ನೆಗೆ ಇಬ್ಬರೂ ಉತ್ತರ ಕೊಟ್ಟಿಲ್ಲ.

ಈ ತಾಲೂಕಿನ ಎಷ್ಟೋ ಮನೆಗಳಲ್ಲಿ ಆಡುವ ಬ್ಯಾರಿ ಭಾಷೆಗೂ ಒಂದು ಚಿತ್ರವಿದೆ. ಸುವೀರನ್ ನಿರ್ದೇಶನದ ‘ಬ್ಯಾರಿ’ 2011ರ ಅತ್ಯುತ್ತಮ ಚಿತ್ರ ಎಂದು ಮರಾಠಿಯ ‘ದೇವೂಳ್’ ಜೊತೆ ಸ್ವರ್ಣಕಮಲ ಹಂಚಿಕೊಂಡಿತು. ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಸಾರಾ ಅಬೂಬಕ್ಕರ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪ್ರಶಸ್ತಿ, ಕೃತಿಸ್ವಾಮ್ಯ, ಭಾಷೆ, ಹೆಣ್ಣಿನ ಬದುಕು, ಹೀಗೆ ವಾರವಿಡೀ ಮಾತಾಡಬಹುದಾದಷ್ಟು ಸಂಗತಿ ಅದರಲ್ಲಿತ್ತು. ‘ಸ್ವರ್ಣಕಮಲ ಬಂತಂತೆ’ ಎಂಬಲ್ಲಿಗೆ ನಮ್ಮ ಮಾತು ನಿಂತಿತು. ಸ್ವರ್ಣಕಮಲವೂ ಒಂದು ಅಂಕವೇ.

ದೊಡ್ಡ ದೇಶಗಳ ದೊಡ್ಡ ವಿಮರ್ಶಕರೂ ಪಟ್ಟಿ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ಶ್ರೇಷ್ಠ ಚಿತ್ರ ಯಾವುದೆಂದು ವಿಮರ್ಶಕರನ್ನು ಕೇಳುತ್ತ ಬಂದಿದೆ. ಮೊದಲ ಸಲ ‘ಬೈಸಿಕಲ್ ಥೀವ್ಸ್’, 1962ರಿಂದ 2002ರವರೆಗೆ ಐದೂ ಸಲ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಶಾಂತಾಲ್ ಅಕರ್ಮನ್ ಎಂಬ ಮಹಿಳೆ 1975ರಲ್ಲಿ ಮಾಡಿದ ‘ಜಾನ್ ದೀಲ್‌ಮನ್’ ಮೊದಲಿಗೆ ಬಂತು. ಒಬ್ಬ ವಿಧವೆ ಆಲೂಗಡ್ಡೆ ಸುಲಿಯುವುದನ್ನೂ ಪಾತ್ರೆ ತೊಳೆಯುವುದನ್ನೂ ಮೂರು ಗಂಟೆಗೂ ಮಿಕ್ಕಿ ತೋರಿಸುವ ಚಿತ್ರ. ಹಿಂದಿನ ಸಲ ಅದು ಮೊದಲ ಮೂವತ್ತರೊಳಗೂ ಇರಲಿಲ್ಲ. ಹತ್ತು ವರ್ಷದಲ್ಲಿ ಚಿತ್ರ ಬದಲಾಯಿತೇ? ಇಲ್ಲ. ಮತ ಹಾಕುವವರ ಸಂಖ್ಯೆ 846ರಿಂದ 1,600 ದಾಟಿತು. ಕೇಳುವ ಬಾಗಿಲು ಅಗಲವಾದಾಗ ಉತ್ತರ ಬೇರೆಯಾಯಿತು. ಪಟ್ಟಿ ಎಂದರೆ ಚಿತ್ರಗಳ ಸಾಲು ಎಂದು ನಾವು ತಿಳಿದಿದ್ದೇವೆ. ಅದು ಮತ ಹಾಕಿದವರ ಗುಂಪಿನ ಭಾವಚಿತ್ರ.

ನಮ್ಮ ದೇಶದ್ದೇ ಒಂದು ಪಟ್ಟಿ ತೆಗೆದುಕೊಳ್ಳಿ. ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತೀಯ ಘಟಕ 2022ರಲ್ಲಿ ಭಾರತದ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸಿತು. ಮತ ಹಾಕಿದವರು 30 ಮಂದಿ. ‘ಪಥೇರ್ ಪಾಂಚಾಲಿ’ಗೆ ಮೊದಲ ಸ್ಥಾನ. ಐದನೆಯದು ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’. ಆರನೆಯದು ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’. ಸತ್ಯು ಮೈಸೂರಿನವರು. ಎರಡೂ ಕನ್ನಡಿಗರ ಚಿತ್ರಗಳು ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಐದಕ್ಕೂ ಆರಕ್ಕೂ ನಡುವಿನ ಅಂತರ ಏನು ಎಂದು ಕೇಳಿದರೆ ಹೇಳುವವರಿಲ್ಲ.

ಆ ಸಂಖ್ಯೆಗಳನ್ನು ಅಳಿಸಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡಿ. ಒಂದರಲ್ಲಿ ಮಲೆನಾಡಿನ ಅಗ್ರಹಾರ, ಇನ್ನೊಂದರಲ್ಲಿ ಆಗ್ರಾದ ಮುಸ್ಲಿಂ ಹವೇಲಿ. ಒಂದರಲ್ಲಿ ಬಸಿರಾದ ವಿಧವೆ ಯಮುನಾ ಬದುಕಿರುವಾಗಲೇ ಹೆತ್ತ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಇನ್ನೊಂದರಲ್ಲಿ ದೇಶವಿಭಜನೆಯ ನಂತರ ಚಪ್ಪಲಿ ಕಾರ್ಖಾನೆಯ ಸಲೀಂ ಮಿರ್ಜಾ ಹವೇಲಿ ಬಿಡಬೇಕಾಗುತ್ತದೆ. ಸೊಸೆಯಾಗಿ ಬಂದ ಮನೆಯನ್ನು ಬಿಡಲೊಪ್ಪದ ಮುದಿ ತಾಯಿ ಸೌದೆ ರಾಶಿಯ ನಡುವೆ ಅವಿತುಕೊಳ್ಳುತ್ತಾಳೆ. ಎರಡೂ ಮನೆಯಿಂದ ಹೊರಗೆ ಹಾಕುವ ಕತೆಗಳು. ಒಂದರಲ್ಲಿ ಹೊರಗೆ ಹಾಕುವವರು ಸ್ವಂತ ಜನ, ಇನ್ನೊಂದರಲ್ಲಿ ಕಾಲ ಮತ್ತು ಕಾಗದಪತ್ರ. ‘ಘಟಶ್ರಾದ್ಧ’ದ ಕೊನೆಯಲ್ಲಿ ತಲೆ ಬೋಳಿಸಿದ ಯಮುನಾ ಮರದ ಬುಡದಲ್ಲಿ ಒಂಟಿಯಾಗಿ ಕೂತಿದ್ದಾಳೆ, ಪುಟ್ಟ ನಾಣಿ ಅವಳನ್ನು ಬಿಟ್ಟು ಹೋಗಬೇಕಾಗಿದೆ. ‘ಗರ್ಮ್ ಹವಾ’ದ ಕೊನೆಯಲ್ಲಿ ಪಾಕಿಸ್ತಾನಕ್ಕೆ ಹೊರಟ ಮಿರ್ಜಾ ಟಾಂಗಾದಿಂದ ಇಳಿದು ಕೆಲಸ ಕೇಳುವ ಮೆರವಣಿಗೆಗೆ ಸೇರುತ್ತಾನೆ. ಒಂದು ಚಿತ್ರ ಜೊತೆಗಾರನನ್ನು ಕಿತ್ತುಕೊಳ್ಳುತ್ತದೆ, ಇನ್ನೊಂದು ಬೀದಿ ತುಂಬ ಜೊತೆಗಾರರನ್ನು ಕೊಡುತ್ತದೆ. ಯಾವುದು ನಿಜ, ಯಾವುದು ಆಸೆ? ಅಗ್ರಹಾರದ ಹುಡುಗನೂ ಹವೇಲಿಯ ಹುಡುಗನೂ ಒಂದೇ ಬೆಂಚಿನಲ್ಲಿ ಕೂತು ವಾದಿಸಬೇಕಾದ ಪ್ರಶ್ನೆ ಇದು. ಹೋಲಿಕೆ ಎಂದರೆ ಇದು.

ಇಷ್ಟಕ್ಕೂ ವಾದ ಮಾಡಲು ಚಿತ್ರ ಉಳಿದಿರಬೇಕಲ್ಲ? 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಇಂದು ಇಲ್ಲ. ಭಾರತದ ಮೊದಲ ಮಾತಿನ ಚಿತ್ರ, 1931ರ ‘ಆಲಂ ಆರಾ’ ಕೂಡ ಇಲ್ಲ. ನಮ್ಮ ಪಕ್ಕದ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳಿಗೆ ಕೈಹಾಕಿದ್ದರು. ಅವುಗಳ ಹೆಸರು ಬಲ್ಲವರು ಇದ್ದಾರೆ, ನೋಡಿ ತೂಗಲು ಚಿತ್ರ ಕೈಗೆ ಸಿಗದು. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಹೊತ್ತಿ ಉರಿಯುವಂಥದ್ದು. ಓಟ ಮುಗಿದ ಪ್ರಿಂಟುಗಳಿಂದ ಬೆಳ್ಳಿ ತೆಗೆದು ಮಾರಿದವರೂ ಇದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು 1964ರಲ್ಲಿ. ‘ಸತಿ ಸುಲೋಚನಾ’ ಬಂದು ಆಗಲೇ ಮೂವತ್ತು ವರ್ಷ ಕಳೆದಿತ್ತು.

ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಹಳೆಯ ದೀಪ, ತಾಳೆಗರಿ, ಪಕ್ಕದಲ್ಲಿ ಹಳೆಯ ಕಾರುಗಳ ಸಾಲು. ಯಾರೋ ಒಬ್ಬರು ಇವೆಲ್ಲ ಉಳಿಯಬೇಕು ಎಂದುಕೊಂಡದ್ದರಿಂದ ಅವು ಉಳಿದಿವೆ. ಸಿನಿಮಾ ಕೂಡ ಹಾಗೆಯೇ. ಕೇಳುವವರಿರುವ ಚಿತ್ರ ಉಳಿಯುತ್ತದೆ. ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಂತು, ಏಕೆಂದರೆ ರಾಜಕುಮಾರ್ ಅವರನ್ನು ಕೇಳುವವರು ಕೋಟಿ ಜನ. ‘ಘಟಶ್ರಾದ್ಧ’ದ ಹಾಳಾದ ಚೌಕಟ್ಟುಗಳನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಮಾರ್ಟಿನ್ ಸ್ಕಾರ್ಸೆಸಿಯವರ ಅಮೆರಿಕದ ಸಂಸ್ಥೆಯೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಕೈಜೋಡಿಸಬೇಕಾಯಿತು. ವೆನಿಸ್‌ನವರು ನೋಡಿದರು. ಕನ್ನಡಿಗರು ಯಾವಾಗ ನೋಡುವುದು? ‘ಹಸೀನಾ’, ‘ಗುಲಾಬಿ ಟಾಕೀಸ್’, ‘ಬ್ಯಾರಿ’ ಚಿತ್ರಗಳನ್ನು ಕೇಳುವವರು ಯಾರು? ಹೋಟೆಲಿನ ಪಟ್ಟಿಯಿಂದ ಬಿದ್ದುಹೋದ ಚಿತ್ರ ನಾಳೆ ಕಪಾಟಿನಿಂದಲೂ ಬೀಳುತ್ತದೆ.

ಆದ್ದರಿಂದ ಸಿನಿಮಾ ಪ್ರೇಮಿಗಳಲ್ಲಿ ನಮ್ಮದೊಂದು ಬೇಡಿಕೆ. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಧರ್ಮಸ್ಥಳದಲ್ಲಿ ಸರ್ವಧರ್ಮ ಸಮ್ಮೇಳನವೂ ಸಾಹಿತ್ಯ ಸಮ್ಮೇಳನವೂ ದಶಕಗಳಿಂದ ನಡೆದುಬಂದಿವೆ. ಎಲ್ಲ ಧರ್ಮದವರೂ ಭಾಷಣ ಮಾಡುತ್ತಾರೆ, ಎಲ್ಲ ಧರ್ಮಗಳೂ ಒಂದೇ ಎಂದು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಅಲ್ಲೇ ಒಂದು ಸಂಜೆ ಪರದೆ ಕಟ್ಟಿ ‘ಘಟಶ್ರಾದ್ಧ’ ತೋರಿಸಿ, ಮರುದಿನ ‘ಹಸೀನಾ’ ತೋರಿಸಿ. ಅಷ್ಟು ದೊಡ್ಡ ವೇದಿಕೆ ಆಗದಿದ್ದರೆ ಊರಿನ ಗ್ರಂಥಾಲಯ ಸಾಕು, ಶಾಲೆಯ ಜಗಲಿ ಸಾಕು, ಮದರಸಾದ ಸಭಾಂಗಣವೂ ಆದೀತು. ಸಿನಿಮಾ ಎಂದರೆ ಮುಖ ತಿರುಗಿಸುವ ನಮ್ಮ ಹಿರಿಯರು ಆ ಒಂದು ದಿನ ಮೊದಲ ಸಾಲಿನಲ್ಲಿ ಕೂರಲಿ. ಜೇಬಿನ ಮೊಬೈಲಿನಲ್ಲಿ ಅವರ ಮೊಮ್ಮಕ್ಕಳು ಹೇಗೂ ನೋಡುತ್ತಿದ್ದಾರೆ, ಒಬ್ಬೊಬ್ಬರೇ, ಯಾರೊಂದಿಗೂ ಮಾತಾಡದೆ.

ಚಿತ್ರ ಮುಗಿದ ಮೇಲೆ ತಾಳಮದ್ದಳೆಯ ಒಂದೇ ನಿಯಮ ಇಟ್ಟುಕೊಳ್ಳೋಣ. ‘ಹಸೀನಾ’ ನೋಡಿದ ಮೇಲೆ ಮುತವಲ್ಲಿಯ ಪರವಾಗಿ ಒಬ್ಬ ಹೆಂಗಸು ಅರ್ಥ ಹೇಳಲಿ, ಹಸೀನಾಳ ಪರವಾಗಿ ಜಮಾತಿನ ಒಬ್ಬ ಹಿರಿಯರು ಹೇಳಲಿ. ‘ಘಟಶ್ರಾದ್ಧ’ ನೋಡಿದ ಮೇಲೆ ಯಮುನಾಳ ಪರವಾಗಿ ಬ್ಯಾರಿ ಹುಡುಗ ಎದ್ದು ನಿಲ್ಲಲಿ. ‘ನಾಗರಹಾವು’ ತೋರಿಸಿದ ದಿನ ಜಲೀಲನ ಅರ್ಥ ಯಾರು ಹೇಳುತ್ತೀರಿ? ನಮ್ಮ ಹುಡುಗರು ಬೇಡ, ನೀವೇ ಯಾರಾದರೂ ಹೇಳಿ. ಕೇಳಲು ನಾವು ಬರುತ್ತೇವೆ.